ಇಂದಿನ ಧಮ್ಮ ಚಿಂತನೆ: ಎರಡನೆಯ ಬಾಣ ಯಾರಿಗೆ ತಗಲುತ್ತದೆ?



ಇಂದಿನ ಚಿಂತನೆಗೆ ಸಂಯುತ್ತ ನಿಕಾಯದ ಸಲ್ಲ ಸುತ್ತವನ್ನು ತೆಗೆದುಕೊಂಡಿದ್ದೇನೆ. ‘ಸಲ್ಲ’ ಎಂದರೆ ಬಾಣ. ನಮ್ಮ ಬಳಗದಲ್ಲಿ ಇದನ್ನು ನಾನೇ ಎರಡು ಮೂರು ಸಲ ಓದಿ ವಿವರಿಸಿದ್ದೇನೆ. ನನಗೆ ಅದು ಎಷ್ಟು ಅರ್ಥವಾಗಿತ್ತು ಎಂಬುದು ಕಾಲು ಮುರಿದ ಮೇಲೆ ಗೊತ್ತಾಯಿತು.

ಏಳು ತಿಂಗಳ ಹಿಂದೆ ಮಳೆಯಲ್ಲಿ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಬಲಗಾಲಿನ ಪಾದದ ಕೀಲಿನ ಎರಡೂ ಬದಿ ಮೂಳೆ ಮುರಿಯಿತು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಆರು ವಾರ ಆ ಕಾಲನ್ನು ನೆಲಕ್ಕೆ ಊರುವಂತಿರಲಿಲ್ಲ. ಆಮೇಲೆ ವಾಕರ್, ಆಮೇಲೆ ಕೋಲು. ಮೂರು ತಿಂಗಳಾದಾಗ ಎಕ್ಸ್‌ರೇ ನೋಡಿದ ಡಾಕ್ಟರು “ಮೂಳೆ ಕೂಡಿದೆ” ಎಂದರು. ಸದ್ಯ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದೇ ನಡೆಯಬೇಕು. ಸಂಜೆಗೆ ಪಾದ ಊದಿ ಚಪ್ಪಲಿಯ ಪಟ್ಟಿಯ ಗುರುತು ಮೂಡುತ್ತದೆ. ಬಳಗದಲ್ಲಿ ಎಲ್ಲರೂ ಚಾಪೆಯ ಮೇಲೆ ಕುಳಿತರೆ ನನಗೆ ಮಾತ್ರ ಹಿಂದೆ ಪ್ಲಾಸ್ಟಿಕ್ ಕುರ್ಚಿ. ನಾಚಿಕೆಯಾಗಿ, ನೆಪ ಹೇಳಿ ಎರಡು ಭಾನುವಾರ ಬರಲೇ ಇಲ್ಲ.

ಭಗವಾನರು ಸುತ್ತದಲ್ಲಿ ಹೇಳುವುದು ಇಷ್ಟು. ಬಾಣ ತಗುಲಿದರೆ ಯಾರಿಗಾದರೂ ನೋವಾಗುತ್ತದೆ. ಧಮ್ಮವನ್ನು ಅರಿಯದವನು ಆ ನೋವಿಗಾಗಿ ಗೋಳಾಡುತ್ತಾನೆ, ಅದನ್ನು ದ್ವೇಷಿಸುತ್ತಾನೆ, ಪಾರಾಗುವ ಬೇರೆ ದಾರಿ ಕಾಣದೆ ಇಂದ್ರಿಯಸುಖದತ್ತ ಓಡುತ್ತಾನೆ. ಅದು ಎರಡನೆಯ ಬಾಣ. ಅರಿತವನಿಗೆ ಒಂದೇ ಬಾಣ: ದೇಹದ ನೋವು ಮಾತ್ರ.

ನನ್ನನ್ನು ನೋಡಿಕೊಂಡೆ. ‘ಏಳು ತಿಂಗಳಾದರೂ ಯಾಕೆ ಹೋಗಿಲ್ಲ? ಇನ್ನು ಹೀಗೇನಾ?’ ಎಂಬ ಗೋಳು ದಿನವಿಡೀ ಇತ್ತು. ಅದನ್ನು ಮರೆಯಲು ಮಧ್ಯರಾತ್ರಿಯವರೆಗೆ ಮೊಬೈಲು. ಸುತ್ತ ಹೇಳಿದ್ದೆಲ್ಲ ನನ್ನಲ್ಲೇ ಇತ್ತು.

ಒಂದು ಸಂಜೆ ಮನೆಯವಳು “ರೀ, ಇನ್ನೂ ನೋಯ್ತಿದೆಯಾ?” ಎಂದು ಕೇಳಿದಳು. “ನೋಯದೆ ಇನ್ನೇನು? ದಿನಾ ಅದನ್ನೇ ಕೇಳಬೇಡ” ಎಂದು ಸಿಡುಕಿದೆ. ಅವಳು ಬಿಸಿನೀರಿನ ಬಕೆಟ್ ಅಲ್ಲೇ ಇಟ್ಟು, “ನೋಯೋದು ನಿಮ್ಮ ಕಾಲು. ಏಟು ತಿನ್ನೋದು ನಾನು” ಎಂದು ಹೇಳಿ ಒಳಗೆ ಹೋದಳು.

ಅಲ್ಲಿಯವರೆಗೆ ಎರಡನೆಯ ಬಾಣ ನನಗಷ್ಟೇ ತಗಲುತ್ತದೆ ಎಂದುಕೊಂಡಿದ್ದೆ. ಅದು ಪಕ್ಕದಲ್ಲಿದ್ದವರಿಗೂ ತಗಲುತ್ತದೆ. ಏಳು ತಿಂಗಳು ನನ್ನ ಕಾಲನ್ನು ಎತ್ತಿ ದಿಂಬಿನ ಮೇಲಿಟ್ಟ ಕೈಗೇ ನಾನು ಬಾಣ ಬಿಟ್ಟಿದ್ದೆ.

ಆಗ ಇನ್ನೊಂದು ಸುತ್ತ ನೆನಪಾಯಿತು, ಸಕಲಿಕ ಸುತ್ತ. ರಾಜಗೃಹದ ಮದ್ದಕುಚ್ಚಿ ಮೃಗವನದಲ್ಲಿದ್ದಾಗ ಭಗವಾನರ ಪಾದಕ್ಕೆ ಕಲ್ಲಿನ ಚೂರು ಚುಚ್ಚಿ ಗಾಯವಾಗಿತ್ತು. ಅವರಿಗೂ ತೀವ್ರ ನೋವಾಯಿತು ಎಂದು ಸುತ್ತ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅವರು ಸಂಘಾಟಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು, ಬಲಮಗ್ಗುಲಾಗಿ, ಸ್ಮೃತಿಯಿಂದ ಮಲಗಿದರು. ಮಾರ ಬಂದು, ಯಾಕೆ ಹೀಗೆ ಬಿದ್ದುಕೊಂಡಿದ್ದೀ ಎಂದು ಹಂಗಿಸಿದ. ಸಕಲ ಜೀವಿಗಳ ಮೇಲಿನ ಅನುಕಂಪದಿಂದ ಮಲಗಿದ್ದೇನೆ ಎಂಬುದು ಅವರ ಉತ್ತರದ ಸಾರ. ಪಾದದಲ್ಲಿ ನೋವಿತ್ತು, ಮನಸ್ಸಿನಲ್ಲಿ ಅನುಕಂಪವಿತ್ತು. ಮಲಗಿದ್ದಕ್ಕೆ ನಾಚಿಕೆಯಿರಲಿಲ್ಲ. ನನಗೆ ಕುರ್ಚಿಗೂ ನಾಚಿಕೆ!

ಈಗ ನಾನು ಮಾಡುತ್ತಿರುವುದು ಮೂರು ಕೆಲಸ.

1. ನೋವು ಬಂದಾಗ ‘ಬಿಗಿತ ಇದೆ’, ‘ಉರಿ ಇದೆ’, ‘ಸೆಳೆತ ಇದೆ’ ಎಂದಷ್ಟೇ ಗಮನಿಸುತ್ತೇನೆ. ‘ಇನ್ನೂ’, ‘ಯಾಕೆ’ ಎಂಬ ಮಾತು ಬಂದರೆ ಅದು ಎರಡನೆಯ ಬಾಣ ಎಂದು ಗುರುತಿಸುತ್ತೇನೆ.

2. ಮೊದಲ ಬಾಣಕ್ಕೆ ಔಷಧ ಬಿಡುವುದಿಲ್ಲ. ಡಾಕ್ಟರನ್ನು ಮತ್ತೆ ಕಂಡೆ. ಮೂಳೆ ಕೂಡಿದರೂ ಸುತ್ತಲಿನ ಲಿಗಮೆಂಟು, ಸ್ನಾಯುಗಳಿಗೆ ಇನ್ನೂ ಸಮಯ ಬೇಕು, ಊತ ಒಂದು ವರ್ಷದವರೆಗೂ ಇರಬಹುದು ಎಂದರು. ಹೇಳಿಕೊಟ್ಟ ವ್ಯಾಯಾಮ ಮಾಡುತ್ತೇನೆ, ಸಂಜೆ ಕಾಲು ಎತ್ತಿಟ್ಟುಕೊಳ್ಳುತ್ತೇನೆ. ನೋವು ದಿಢೀರ್ ಹೆಚ್ಚಿದರೆ, ಗಾಯ ಕೆಂಪಾದರೆ, ಜ್ವರ ಬಂದರೆ, ಮೀನಖಂಡ ಊದಿದರೆ ಸುಮ್ಮನೆ ಸಹಿಸುವುದು ಕ್ಷಾಂತಿಯಲ್ಲ, ಅಜಾಗರೂಕತೆ.

3. ಕೇಳಿದವರಿಗೆ ನೆಟ್ಟಗೆ ಉತ್ತರಿಸುತ್ತೇನೆ. ಮೊನ್ನೆ ನಾನೇ ಹೇಳಿದೆ: “ಇವತ್ತು ಸ್ವಲ್ಪ ಜಾಸ್ತಿ ನೋಯ್ತಿದೆ ಕಣೇ. ನಿನ್ನ ಮೇಲೆ ಕೂಗಾಡಿದ್ದು ತಪ್ಪಾಯ್ತು.” ಅವಳು ಏನೂ ಹೇಳಲಿಲ್ಲ. ದಿಂಬು ತಂದು ಕಾಲ ಕೆಳಗೆ ಇಟ್ಟಳು.

ನೋವು ಇವತ್ತೂ ಇದೆ. ಈ ಭಾನುವಾರ ಬರುತ್ತೇನೆ. ದಯವಿಟ್ಟು ಕುರ್ಚಿ ಹಾಕಿಡಿ.

*ಇಂದಿನ ಅಭ್ಯಾಸ:* ದೇಹಕ್ಕೋ ಮನಸ್ಸಿಗೋ ನೋವಾದಾಗ, ಬಾಯಿ ತೆರೆಯುವ ಮೊದಲು ಒಂದು ಉಸಿರು ಗಮನಿಸಿ. ನನ್ನ ಕೈಯಲ್ಲಿರುವ ಬಾಣ ಯಾರ ಕಡೆಗಿದೆ ಎಂದು ನೋಡಿಕೊಳ್ಳಿ.

ಎಲ್ಲರಿಗೂ ಮಂಗಳವಾಗಲಿ 🙏