ದೆವ್ವದ ಸಿನಿಮಾ ಇಷ್ಟ, ಹೇಳಿಕೊಳ್ಳಲು ಭಯ

ನನಗೆ 29 ವರ್ಷ. ಊರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಬ್ಯಾಂಕಿನಲ್ಲಿ ಕೆಲಸ. ಎಂಟು ತಿಂಗಳ ಹಿಂದೆ ವಿಜಯಪುರಕ್ಕೆ ವರ್ಗವಾಗಿ ಬಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಚಿಕ್ಕಂದಿನಿಂದಲೂ ನನಗೆ ದೆವ್ವದ ಕತೆಯೆಂದರೆ ಪ್ರಾಣ. ಅಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವದ ಕತೆಯಿಂದ ಶುರುವಾಗಿದ್ದು ಹೈಸ್ಕೂಲಿನಲ್ಲಿ ‘ತುಳಸಿದಳ’, ಕಾಲೇಜಿನಲ್ಲಿ ‘ಡ್ರಾಕುಲಾ’, ‘ದಿ ಶೈನಿಂಗ್’ ಅಂತ ಬೆಳೆಯಿತು. ಸಿನಿಮಾಗಳಿಗಂತೂ ಲೆಕ್ಕವೇ ಇಲ್ಲ. ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಪ್ರತಿ ವರ್ಷ ನಡೆಯುವ ‘ಹ್ಯಾಲೋವೀನ್ ಹಾರರ್ ನೈಟ್ಸ್’ಗೆ ಇಬ್ಬರು ಗೆಳತಿಯರ ಜೊತೆ ಹೋಗಬೇಕೆಂದು ಎರಡು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇನೆ. ಅದು ಗೊತ್ತಾದಾಗಿನಿಂದ ಅಮ್ಮ ಹೌಹಾರಿದ್ದಾರೆ. “ಮೂರು ಹೊತ್ತೂ ದೆವ್ವ ದೆವ್ವ ಅಂತಿದ್ರೆ ಅದು ಹುಡುಕಿಕೊಂಡು ಬರುತ್ತೆ” ಎನ್ನುತ್ತಾರೆ. ಹೋದ ಸಲ ಊರಿಗೆ ಹೋದಾಗ ತಾಯತ ಕಟ್ಟಿಸಿ ಕಳಿಸಿದರು. ಮದುವೆ ಮಾತುಕತೆಯೂ ನಡೆದಿದೆ. ಹುಡುಗ ಒಳ್ಳೆಯವರು. ನಿಮಗೇನು ಇಷ್ಟ ಎಂದು ಕೇಳಿದರು. ನಾನು ಸಂಗೀತ ಅಂದುಬಿಟ್ಟೆ. ಅವತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ನನ್ನ ಮನಸ್ಸಿನಲ್ಲಿ ಏನಾದರೂ ವಿಕೃತಿ ಇದೆಯೇ? ಇನ್ನೊಂದು ಮಾತು. ಇತ್ತೀಚೆಗೆ ದಿನಾ ರಾತ್ರಿ ಎರಡು ಗಂಟೆವರೆಗೂ ನೋಡುತ್ತೇನೆ. ಮೊದಲಿನಷ್ಟು ಖುಷಿ ಸಿಗುತ್ತಿಲ್ಲ. ಬಚ್ಚಲಮನೆಯ ದೀಪ ಆರಿಸದೆ ಮಲಗುವುದು ಅಭ್ಯಾಸವಾಗಿದೆ.
– ಹೆಸರು ಬೇಡ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೆವ್ವದ ಕತೆಗಳ ಬಗ್ಗೆ ಬರೆಯುವಾಗ ನಿಮ್ಮ ಕೈಬರಹ ಉತ್ಸಾಹದಿಂದ ಓಡುತ್ತದೆ. ಹುಡುಗನಿಗೆ ‘ಸಂಗೀತ’ ಎಂದ ಕಡೆ ಬಂದಾಗ ಅಕ್ಷರ ಸಣ್ಣದಾಗಿದೆ. ಇಷ್ಟಪಡುವ ವಸ್ತುವನ್ನು ಮುಚ್ಚಿಟ್ಟುಕೊಂಡು ಬದುಕುವುದು ಎಷ್ಟು ಆಯಾಸದ ಕೆಲಸ ಎಂದು ನನಗೆ ಗೊತ್ತು. ಅದನ್ನು ಹೊತ್ತುಕೊಂಡು ಹೊಸ ಊರಿನಲ್ಲಿ ಒಬ್ಬರೇ ಇದ್ದೀರಿ. ಮನಸ್ಸು ಕಸಿವಿಸಿಗೊಂಡಿರುವುದು ಸಹಜ.

ನೀವು ನೇರವಾಗಿ ಕೇಳಿದ್ದಕ್ಕೆ ನೇರವಾಗಿಯೇ ಹೇಳುತ್ತೇನೆ. ದೆವ್ವದ ಸಿನಿಮಾ, ಕಾದಂಬರಿ, ಭಯದ ಮನೆಗಳನ್ನು ಇಷ್ಟಪಡುವುದು ವಿಕೃತಿಯಲ್ಲ, ಕಾಯಿಲೆಯೂ ಅಲ್ಲ. ನಮ್ಮ ಹಿರಿಯರು ಇದನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದ್ದರು. ಭರತನ ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕವೂ ಒಂದು. ಅದಕ್ಕೊಂದು ಬಣ್ಣ ಕೊಟ್ಟರು, ಕಪ್ಪು. ಅಧಿದೇವತೆಯನ್ನೂ ಕೊಟ್ಟು ಶೃಂಗಾರ, ಹಾಸ್ಯಗಳ ಸಾಲಿನಲ್ಲೇ ಕೂರಿಸಿದರು. ಭಯವನ್ನು ರಂಗದ ಮೇಲೆ ತಂದರೆ ಅದನ್ನು ಸವಿಯಬಹುದು ಎಂಬ ತಿಳಿವಳಿಕೆ ಅದರ ಹಿಂದಿದೆ.

ನಾನು ಮೊದಲು ಇದನ್ನು ಕಂಡದ್ದು ಯಕ್ಷಗಾನದ ಬಯಲಿನಲ್ಲಿ. ತೆಂಕುತಿಟ್ಟಿನ ಬಣ್ಣದ ವೇಷ ಬರುವ ಹೊತ್ತು. ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ, ತಲೆಯ ಮೇಲೆ ದೊಡ್ಡ ಕಿರೀಟ. ತೆರೆಯ ಹಿಂದಿನಿಂದ ಅಬ್ಬರ ಕೇಳಿಸಿತೋ ಇಲ್ಲವೋ, ನಾನು ಅಮ್ಮನ ಸೆರಗಿನೊಳಗೆ. ಒಂದೇ ಒಂದು ಕಣ್ಣು ಮಾತ್ರ ಹೊರಗೆ. ಮರುದಿನ ಪಕ್ಕದ ಊರಿನಲ್ಲಿ ಆಟ ಇದೆ ಎಂದರೆ ಮೊದಲು ಹಟ ಹಿಡಿಯುತ್ತಿದ್ದವಳೂ ನಾನೇ. ಹೆದರಿದ್ದು ನಿಜ, ಮತ್ತೆ ಬೇಕೆನಿಸಿದ್ದೂ ನಿಜ. ಆ ರಕ್ಕಸ ಬಯಲು ದಾಟಿ ನಮ್ಮ ಮನೆಗೆ ಬರುವುದಿಲ್ಲ, ಬೆಳಗಾಗುವುದರೊಳಗೆ ಆಟ ಮುಗಿಯುತ್ತದೆ ಎಂದು ಒಳಗೆಲ್ಲೋ ಗೊತ್ತಿತ್ತು.

ನೀವು ಪ್ರೀತಿಸುವ ಭಯವೂ ಇದೇ ಜಾತಿಯದು. ರಿಮೋಟ್ ನಿಮ್ಮ ಕೈಯಲ್ಲಿರುತ್ತದೆ. ಪುಸ್ತಕ ಮುಚ್ಚಬಹುದು. ಜಾತ್ರೆಯ ಭೂತಬಂಗಲೆಗೆ ಟಿಕೆಟ್ ತೆಗೆದುಕೊಂಡು ಒಳಗೆ ಹೋದವರು ಚೀರುತ್ತಾ ಹೊರಗೆ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ದೇಹಕ್ಕೆ ಕತೆ, ನಿಜ ಎಂಬ ಭೇದ ಅಷ್ಟು ಬೇಗ ತಿಳಿಯುವುದಿಲ್ಲ. ಅಡ್ರಿನಲಿನ್ ಹರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಅಪಾಯವೇನೂ ಇಲ್ಲ ಎಂದು ಮನಸ್ಸು ಒಪ್ಪಿಕೊಂಡ ಕ್ಷಣ ಅದೇ ಬಿಗಿ ಸಡಿಲಗೊಂಡು ಹಗುರವಾಗುತ್ತದೆ. ನೀವು ಹುಡುಕಿಕೊಂಡು ಹೋಗುವುದು ಆ ಹಗುರವನ್ನೇ ಇರಬೇಕು.

ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದಲ್ಲಿ ಇಂಥ ಆಟದ ಭಯವನ್ನೇ ಅಧ್ಯಯನ ಮಾಡುವ ತಂಡವೊಂದಿದೆ. ಅಲ್ಲಿನ ಭಯದ ಮನೆಯೊಂದಕ್ಕೆ ಬಂದ 110 ಮಂದಿಗೆ ಎದೆಬಡಿತ ಅಳೆಯುವ ಸಾಧನ ಕಟ್ಟಿ ಒಳಗೆ ಬಿಟ್ಟು, ಅವರಿಗೆ ಎಷ್ಟು ಭಯವಾಯಿತು, ಎಷ್ಟು ಖುಷಿಯಾಯಿತು ಎಂದು ಕೇಳಿದರು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಭಯ ತೀರಾ ಕಡಿಮೆಯಾದರೂ ಖುಷಿಯಿಲ್ಲ, ಮಿತಿಮೀರಿದರೂ ಇಲ್ಲ. ಸಾರಿಗೆ ಉಪ್ಪಿನ ಹಾಗೆ, ನಡುವಿನ ಒಂದು ಹದದಲ್ಲಿ ಮಾತ್ರ ರುಚಿ. ಈ ಹದ ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮ ಹದ ನಿಮ್ಮ ಅಮ್ಮನದಕ್ಕಿಂತ ಬಹಳ ಮೇಲಿದೆ, ಅಷ್ಟೇ.

ಈಗ ಅಮ್ಮನ ಕಡೆಯಿಂದ ಸ್ವಲ್ಪ ನೋಡೋಣ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಉಳಿಗಾಲವಿಲ್ಲ ಎಂಬ ಸುದ್ದಿ. ನೀವು ಆಗ ತೊಟ್ಟಿಲಲ್ಲೋ ಅಮ್ಮನ ಸೊಂಟದ ಮೇಲೋ ಇದ್ದಿರಬೇಕು. ಪುಟ್ಟ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಬಾಗಿಲ ಸದ್ದಿಗೆ ಕಿವಿಗೊಟ್ಟು ಕೂತ ಎಳೆಯ ತಾಯಂದಿರು ಆಗ ಎಷ್ಟು ಜನರಿದ್ದರೋ! ಅದೇ ನಂಬಿಕೆಯ ಎಳೆ ಹಿಡಿದು 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಬಂತು. ಜನ ಚಿತ್ರಮಂದಿರದಲ್ಲಿ ಕೂತು ಕಿರುಚಿದರು, ನಕ್ಕರು. ನಿಮಗೆ ಅದು ಸಿನಿಮಾ. ಅಮ್ಮನಿಗೆ ಅದು ತಾನು ಬದುಕಿದ ರಾತ್ರಿ ಇದ್ದಿರಬಹುದು. ಒಂದೇ ದೆವ್ವದ ಬಗ್ಗೆ ನೀವಿಬ್ಬರೂ ಮಾತಾಡುತ್ತಿದ್ದೀರಿ. ನಿಮ್ಮದು ಆರಿಸಿಕೊಂಡ ಭಯ, ಅವರದು ಆರಿಸಿಕೊಂಡದ್ದಲ್ಲ. ಜೊತೆಗೆ ಮಗಳು ದೂರದ ಊರಿನಲ್ಲಿ ಒಬ್ಬಳೇ ಇದ್ದಾಳೆ ಎಂಬ ದಿಗಿಲು ಬೇರೆ. ಆ ತಾಯತದೊಳಗೆ ಆ ದಿಗಿಲೂ ಇದೆ ಎಂದು ನನಗನ್ನಿಸುತ್ತದೆ.

ಹಾಗಾಗಿ ಅಮ್ಮನಿಗೆ ನಿಮ್ಮ ಸಿನಿಮಾ ತೋರಿಸಿ ಧೈರ್ಯ ತುಂಬಲು ಹೋಗಬೇಡಿ. “ಅದೆಲ್ಲ ಸುಳ್ಳಮ್ಮ” ಎಂದು ವಾದಕ್ಕೂ ಇಳಿಯಬೇಡಿ. ಮುಂದಿನ ಸಲ ಊರಿಗೆ ಹೋದಾಗ ಊಟವಾದ ಮೇಲೆ ಪಕ್ಕದಲ್ಲಿ ಕೂತು, “ಅಮ್ಮಾ, ನಮ್ಮ ಬಾಗಿಲ ಮೇಲೂ ನಾಳೆ ಬಾ ಅಂತ ಬರೆದಿದ್ರಾ? ನಿಂಗೆ ಹೆದರಿಕೆ ಆಗಿತ್ತಾ?” ಎಂದು ಕೇಳಿ. ಅಜ್ಜಿಯ ಕತೆಗಳನ್ನೂ ನೆನಪಿಸಿ. ಅವರು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಸಿಂಗಾಪುರದ ಮಾತು ಆಮೇಲೆ ಬರಲಿ. ಅದು ವೇಷ ಹಾಕಿದ ಕಲಾವಿದರು ನಡೆಸುವ ಪ್ರದರ್ಶನ, 2011ರಿಂದ ನಡೆಯುತ್ತಿದೆ, ಜೊತೆಗೆ ಯಾರು ಬರುತ್ತಾರೆ, ಎಲ್ಲಿ ಉಳಿಯುತ್ತೇವೆ – ಇಷ್ಟು ವಿವರ ಕೊಡಿ. ನೀವು ದುಡಿದು ಕೂಡಿಟ್ಟ ಹಣ, ನಿಮ್ಮ ಎರಡು ವರ್ಷದ ಆಸೆ. ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅಮ್ಮ ಪೂರ್ತಿ ಒಪ್ಪದಿರಬಹುದು. ಅವರ ಅಸಮಾಧಾನ ಒಂದಿಷ್ಟು ಉಳಿದರೂ ಸಂಬಂಧ ಕೆಡುವುದಿಲ್ಲ.

ತಾಯತ ಕಟ್ಟಿಕೊಳ್ಳುವುದೂ ಬಿಚ್ಚುವುದೂ ನಿಮ್ಮಿಷ್ಟ. ಆದರೆ ಒಂದು ಗೆರೆ ಹಾಕಿಕೊಳ್ಳಿ. ನಾಳೆ ಯಾರಾದರೂ ‘ಬಿಡಿಸುತ್ತೇವೆ’ ಎಂದು ಹಣ ಕೇಳಿದರೆ, ಉಪವಾಸ ಕೆಡವಿದರೆ, ಹೊಡೆಯಲು ಬಂದರೆ ಅಲ್ಲಿಗೆ ನಿಲ್ಲಿಸಿ. ಮಾಟಮಂತ್ರದ ಹೆಸರಿನ ಅಮಾನವೀಯ ಪದ್ಧತಿಗಳನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯ್ದೆಯಿದೆ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಡುವುದು ಅಪರಾಧ. ಇದನ್ನು ನಿಮಗಿಂತ ಹೆಚ್ಚಾಗಿ, ಈ ಅಂಕಣ ಓದುತ್ತಿರುವ ಬೇರೆ ಮನೆಗಳಿಗಾಗಿ ಬರೆಯುತ್ತಿದ್ದೇನೆ.

ಹುಡುಗನ ವಿಷಯ. ನೀವು ದೊಡ್ಡ ಸುಳ್ಳೇನೂ ಹೇಳಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ, ಎಲ್ಲರ ಕಣ್ಣೂ ತಮ್ಮ ಮೇಲಿರುವಾಗ ಎಷ್ಟೋ ಹುಡುಗಿಯರ ಬಾಯಲ್ಲಿ ಬರುವ ಉತ್ತರ ಅದು. ಆದರೂ ನಿಶ್ಚಿತಾರ್ಥಕ್ಕೆ ಮುಂಚೆ ಹೇಳಿಬಿಡಿ. ತಪ್ಪೊಪ್ಪಿಗೆಯ ದನಿಯಲ್ಲಿ ಬೇಡ. ಫೋನಿನಲ್ಲಿ ಮಾತಾಡುವಾಗ, “ಅವತ್ತು ಸಂಕೋಚಕ್ಕೆ ಸಂಗೀತ ಅಂದೆ. ನನಗೆ ನಿಜವಾಗಿ ಇಷ್ಟ ಹಾರರ್ ಸಿನಿಮಾ, ಕಾದಂಬರಿ” ಎಂದರೆ ಸಾಕು. ಅವರಿಗೆ ಇಷ್ಟವಿಲ್ಲದಿರಬಹುದು. ದೆವ್ವದ ಸಿನಿಮಾ ನೋಡಲಾಗದ ಗಂಡ, ಕ್ರಿಕೆಟ್ ನೋಡಲಾಗದ ಹೆಂಡತಿ ನೆಮ್ಮದಿಯಾಗಿ ಸಂಸಾರ ಮಾಡುವ ಮನೆಗಳು ಬೇಕಾದಷ್ಟಿವೆ. ಅವರು ಅದನ್ನು ಕೇಳಿ ಗೇಲಿ ಮಾಡುತ್ತಾರೋ, ಕುತೂಹಲದಿಂದ ಇನ್ನೊಂದು ಪ್ರಶ್ನೆ ಕೇಳುತ್ತಾರೋ ಗಮನಿಸಿ. ಅದರಿಂದ ಅವರ ಬಗ್ಗೆ ನಿಮಗೂ ಒಂದಿಷ್ಟು ತಿಳಿಯುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ನೀವು ಕೊನೆಗೆ, ‘ಇನ್ನೊಂದು ಮಾತು’ ಎಂದು ಸೇರಿಸಿದ ನಾಲ್ಕು ಸಾಲು. ದಿನಾ ಎರಡು ಗಂಟೆವರೆಗೆ ಎಚ್ಚರ, ಖುಷಿ ಕಡಿಮೆ, ದೀಪ ಆರಿಸಲಾಗದು. ಅಮ್ಮನ ಮಾತಿಗಿಂತ, ಹುಡುಗನ ಪ್ರಶ್ನೆಗಿಂತ ನಾವು ಗಮನ ಕೊಡಬೇಕಾದದ್ದು ಇದಕ್ಕೆ. ಇಷ್ಟು ವರ್ಷ ಭಯ ನಿಮ್ಮ ಆಟವಾಗಿತ್ತು. ಈಗ ಸಿನಿಮಾ ಮುಗಿದ ಮೇಲೂ ಅದು ಮನೆಯೊಳಗೇ ಉಳಿಯುತ್ತಿದೆ. ಇದಕ್ಕೆ ಸಿನಿಮಾವೊಂದೇ ಕಾರಣ ಎಂದು ನನಗನ್ನಿಸುವುದಿಲ್ಲ. ಎಂಟು ತಿಂಗಳಿಂದ ನೀವು ಒಬ್ಬರೇ ಇದ್ದೀರಿ. ಸಂಜೆ ಬೀಗ ತೆಗೆದು ಒಳಗೆ ಬಂದರೆ ಮಾತಾಡಿಸುವವರಿಲ್ಲ. ಅಂಥ ಖಾಲಿತನದಲ್ಲಿ ಸಪ್ಪೆಯಾದದ್ದು ಸಾಲುವುದಿಲ್ಲ, ಮೈ ಜುಮ್ಮೆನ್ನಿಸುವಂಥದ್ದೇ ಬೇಕಾಗುತ್ತದೆ. ನಾಳೆ ಅದೂ ಸಾಲದಾಗುತ್ತದೆ. ನೀವು ದೆವ್ವ ನೋಡುತ್ತಿದ್ದೀರೋ, ಒಂಟಿತನವನ್ನು ನೋಡದಿರಲು ದೆವ್ವ ನೋಡುತ್ತಿದ್ದೀರೋ? ಉತ್ತರ ನನಗೆ ಬರೆಯಬೇಕಿಲ್ಲ, ನಿಮ್ಮನ್ನೇ ಕೇಳಿಕೊಳ್ಳಿ.

ಹಾರರ್ ಬಿಟ್ಟುಬಿಡಿ ಎಂದು ಹೇಳುವುದಿಲ್ಲ. ಅದನ್ನು ಅದರ ಜಾಗದಲ್ಲಿ ಕೂರಿಸೋಣ. ಎರಡು ವಾರ ಹೀಗೆ ಮಾಡಿ ನೋಡಿ. ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ ದೆವ್ವದ ಸಿನಿಮಾ ಬೇಡ, ದೆವ್ವದ ಪುಸ್ತಕವೂ ಬೇಡ. ಹನ್ನೊಂದಕ್ಕೆ ಮಲಗಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಬಚ್ಚಲ ದೀಪ ಉರಿಯುತ್ತಿದ್ದರೆ ಉರಿಯಲಿ, ಅದಕ್ಕಾಗಿ ನಾಚಿಕೊಳ್ಳಬೇಡಿ. ನಿದ್ದೆ ಸರಿಹೋದರೆ ಅದೂ ಒಂದು ದಿನ ಆರುತ್ತದೆ. ಶನಿವಾರ ಸಂಜೆ ಬೆಳಕಿರುವಾಗಲೇ ನಿಮ್ಮಿಷ್ಟದ ಒಂದು ಸಿನಿಮಾ ಹಾಕಿ. ಆದಷ್ಟು ಯಾರನ್ನಾದರೂ ಜೊತೆಗಿಟ್ಟುಕೊಂಡು ನೋಡಿ. ಸಿಂಗಾಪುರಕ್ಕೆ ಬರುವ ಗೆಳತಿಯರು ಇದ್ದಾರಲ್ಲ, ಮೂವರೂ ಒಂದೇ ಹೊತ್ತಿಗೆ ಶುರು ಮಾಡಿ ಫೋನಿನಲ್ಲಿ ಮಾತಾಡುತ್ತಾ ನೋಡಬಹುದು. ಮುಗಿದ ಮೇಲೆ ಹಗುರವೆನಿಸಿತೋ, ಭಾರವೆನಿಸಿತೋ ಒಂದೇ ಪದದಲ್ಲಿ ಬರೆದಿಡಿ. ಭಾನುವಾರ ಮನೆಯಿಂದ ಹೊರಗೆ ಹೊರಡಿ. ಗೋಳಗುಮ್ಮಟದ ಅಂಗಳದಲ್ಲಿ ಬೆಳಗ್ಗೆ ಒಂದು ಸುತ್ತು ಹಾಕಿ. ಶಾಖೆಯ ಸಹೋದ್ಯೋಗಿ ಯಾರಾದರೂ ಊಟಕ್ಕೆ ಕರೆದರೆ, ಕೆಲಸವಿದೆ ಎಂದು ತಪ್ಪಿಸಿಕೊಳ್ಳಬೇಡಿ.

ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಹಗಲಿನಲ್ಲೂ ಕಾರಣವಿಲ್ಲದೆ ಎದೆ ಹೊಡೆದುಕೊಂಡರೆ, ಬೇರೆಯವರಿಗೆ ಕೇಳಿಸದ್ದು ನಿಮಗೆ ಕೇಳಿಸಿದಂತಾದರೆ, ಯಾವುದರಲ್ಲೂ ಮನಸ್ಸಿಲ್ಲದೆ ಬದುಕೇ ಬೇಡವೆನಿಸಿದರೆ ಒಬ್ಬರೇ ಸಹಿಸಿಕೊಂಡಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿಗೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಬಹುದು. ಅಮ್ಮನಿಗೆ ಹೇಗೆ ಹೇಳುವುದು ಎಂಬ ಅಳುಕಿದ್ದರೆ ‘ಆಪ್ತಮಿತ್ರ’ ನೆನಪಿಸಿ. 2004ರಲ್ಲಿ ಮನೆಮಂದಿಯೆಲ್ಲ ಹೋಗಿ ನೋಡಿದ ಆ ಸಿನಿಮಾದಲ್ಲಿ ವಿಷ್ಣುವರ್ಧನ್ ಮನೋವೈದ್ಯರೇ.

ಚಿಕ್ಕ ಮಕ್ಕಳಿರುವ ಓದುಗರಿಗೆ ಒಂದು ಮಾತು. ಕತೆಗೂ ನಿಜಕ್ಕೂ ನಡುವಿನ ಗೆರೆ ಮಕ್ಕಳ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿ ಮೂಡಿರುವುದಿಲ್ಲ. ಧೈರ್ಯ ಬರಲಿ ಎಂದು ಅಳುವ ಮಗುವನ್ನು ಜಾತ್ರೆಯ ಭೂತಬಂಗಲೆಯೊಳಗೆ ಎಳೆದುಕೊಂಡು ಹೋಗಬೇಡಿ. ಆರಿಸಿಕೊಳ್ಳುವ ಹಕ್ಕಿಲ್ಲದ ಕಡೆ ಭಯ ಆಟವಾಗುವುದಿಲ್ಲ.

ಎರಡು ವಾರ ಕಳೆದ ಮೇಲೆ ನನಗೆ ಮತ್ತೆ ಬರೆಯಿರಿ. ಯಾವ ಸಿನಿಮಾ ನೋಡಿದಿರಿ ಎಂಬುದು ಆಮೇಲೆ. ಮೊದಲು ನಿದ್ದೆ ಹೇಗಿದೆ ಎಂದು ತಿಳಿಸಿ.