ಹೆಬ್ಬೆರಳು ಚೀಪುವ ಮಗು

ಮಾಂಧಾತನು ಶಿಶುವಾಗಿದ್ದಾಗ ಇಂದ್ರನ ಬೆರಳನ್ನು ಚೀಪಿ ಬೆಳೆದನೆಂದು ಪುರಾಣವು ಹೇಳುತ್ತದೆ. ನಮ್ಮ ಮನೆಗಳ ಕೂಸುಗಳಿಗೆ ತಮ್ಮ ಹೆಬ್ಬೆರಳೇ ಸಾಕು. ತಾಯಿಯ ಗರ್ಭದಲ್ಲಿಯೇ ಆರಂಭವಾಗುವ ಈ ಅಭ್ಯಾಸವು ಮಗುವಿಗೆ ನೆಮ್ಮದಿಯನ್ನು ತರುತ್ತದೆ; ಬಹುಪಾಲು ಮಕ್ಕಳು 2ರಿಂದ 4 ವರ್ಷಗಳೊಳಗೆ ತಾವಾಗಿಯೇ ಅದನ್ನು ಬಿಟ್ಟುಬಿಡುತ್ತಾರೆ.

ಬಿಡದೆ ಹೋದರೆ? ದವಡೆಯ ಎಲುಬಿನಲ್ಲಿ ಸೂಕ್ಷ್ಮ ತಂತುಗಳ ಆಧಾರದಿಂದ ನಿಂತಿರುವ ಹಲ್ಲು, ಅಲ್ಪ ಒತ್ತಡವೇ ಆದರೂ ದಿನವೂ ಹಲವು ಗಂಟೆಗಳ ಕಾಲ ಬೀಳುತ್ತಿದ್ದರೆ ಜರುಗುತ್ತದೆ. ಆದುದರಿಂದಲೇ ಆಗೊಮ್ಮೆ ಈಗೊಮ್ಮೆ ಬಲವಾಗಿ ಚೀಪುವ ಮಗುವಿಗಿಂತ, ರಾತ್ರಿಯೆಲ್ಲ ಬೆರಳನ್ನು ಬಾಯಲ್ಲಿಟ್ಟು ಮಲಗುವ ಮಗುವಿಗೆ ಅಪಾಯ ಹೆಚ್ಚು. ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚುತ್ತವೆ. ಕೆಳಗಿನವು ಒಳಕ್ಕೆ ಬಾಗುತ್ತವೆ. ಹಲ್ಲು ಕಚ್ಚಿದರೂ ಮುಂದೆ ಸಂದು ಉಳಿಯುತ್ತದೆ. ಕೆನ್ನೆಗಳ ಒತ್ತಡದಿಂದ ಮೇಲ್ದವಡೆಯೂ ಕಿರಿದಾಗಬಹುದು. ಅಂತಹ ಮಗುವಿಗೆ ಸೀಬೆಹಣ್ಣನ್ನು ಕಚ್ಚುವುದೂ, ಸಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವುದೂ ಕಷ್ಟ.

ಸುಮಾರು 6ನೆಯ ವಯಸ್ಸಿನಲ್ಲಿ ಶಾಶ್ವತ ಹಲ್ಲುಗಳು ಮೂಡತೊಡಗುತ್ತವೆ. ಅದಕ್ಕೆ ಮುಂಚೆ ಅಭ್ಯಾಸ ತಪ್ಪಿದರೆ ಈ ವಕ್ರತೆಯು ಬಹುಮಟ್ಟಿಗೆ ತಾನೇ ಸರಿಹೋಗುವುದುಂಟು. ತಡವಾದರೆ ದಂತವೈದ್ಯರು ಹಾಕುವ ತಂತಿಯ ನೆರವು ಬೇಕಾದೀತು. ಬೆರಳಿಗೆ ಬೇವಿನೆಣ್ಣೆ ಸವರುವುದು ಹಳೆಯ ಉಪಾಯ. ಮೆಣಸಿನ ಪುಡಿ ಹಚ್ಚುವುದು ಮಾತ್ರ ಕ್ರೌರ್ಯವೇ ಸರಿ. ಗದರಿದಷ್ಟೂ ಮಗು ಅಂಜಿ ಮತ್ತೆ ಆ ಬೆರಳಿನಲ್ಲಿಯೇ ಸಮಾಧಾನವನ್ನು ಅರಸುತ್ತದೆ. ಹಗಲಿನಲ್ಲಿ ಕೈಗೊಂದು ಆಟಿಕೆಯನ್ನು ಕೊಟ್ಟು, ನಿದ್ದೆ ಹತ್ತಿದ ಮೇಲೆ ಬೆರಳನ್ನು ಮೆಲ್ಲನೆ ಬಿಡಿಸುವ ಕೆಲಸವನ್ನು ನಿಮ್ಮಂತಹ ಅಣ್ಣ ಅಕ್ಕಂದಿರೂ ಮಾಡಬಹುದು.