ನಕಲು ಮಾಡಿದ ಕುದುರೆ



ಕೆ.ಆರ್.ಪುರದಲ್ಲಿ ನಡೆದ ಶಾಲಾ ಮಕ್ಕಳ ಚೆಸ್ ಪಂದ್ಯಕ್ಕೆ ನಾನೂ ಹೋಗಿದ್ದೆ. ಗೆದ್ದರೆ 1 ಅಂಕ, ಡ್ರಾ ಆದರೆ ಅರ್ಧ ಅಂಕ. ಕೊನೆಯ ಆಟದಲ್ಲಿ ನನಗೆ ಕಪ್ಪು ಕಾಯಿ ಬಂತು. ಆಟ ಡ್ರಾ ಆಯ್ತು. ಅದರಿಂದ ನಾನು ಕಲಿತ ಪಾಠ ಇದು.

ಆರಂಭ:
1) ಅವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ. ನಾನೂ ಹಾಗೇ ಮಾಡಿದೆ.
2) ಅವನು ರಾಜನ ಕಡೆಯ ಕುದುರೆಯನ್ನು ಹೊರಗೆ ತಂದ. ನಾನೂ ತಂದೆ.
3) ಅವನ ಕುದುರೆ ನನ್ನ ಕಾಲಾಳನ್ನು ಹೊಡೀತು. ನನ್ನ ಕುದುರೆಯೂ ಅವನ ಕಾಲಾಳನ್ನು ಹೊಡೀತು. ಇದೇ ತಪ್ಪು!
4) ಅವನು ಮಂತ್ರಿಯನ್ನು ರಾಜನ ಮುಂದೆ ಇಟ್ಟ. ನನ್ನ ಕುದುರೆಗೆ ಅಪಾಯ.

ಕುದುರೆಯನ್ನು ಹಿಂದಕ್ಕೆ ತೆಗೆಯಲು ಕೈ ಹಾಕಲು ಹೋದವನು ನಿಲ್ಲಿಸಿದೆ. ತೆಗೆದಿದ್ದರೆ ಅವನ ಕುದುರೆ ಪಕ್ಕಕ್ಕೆ ಹಾರಿ, ಹಿಂದಿರುವ ಮಂತ್ರಿಯಿಂದ ನನ್ನ ರಾಜನಿಗೆ ಚೆಕ್! ಅದೇ ಕುದುರೆ ಮುಂದಿನ ನಡೆಯಲ್ಲಿ ನನ್ನ ಮಂತ್ರಿಯನ್ನು ತಿನ್ನುತ್ತೆ. ಅದಕ್ಕೇ ನಾನೂ ಮಂತ್ರಿಯನ್ನು ರಾಜನ ಮುಂದೆ ಇಟ್ಟೆ. ಕುದುರೆಗೆ ಕುದುರೆ ಹೋಯ್ತು, ಆದರೆ ನನಗೆ ಒಂದು ಕಾಲಾಳು ಕಡಿಮೆ ಆಯ್ತು.

ಸರಿಯಾದ 3ನೇ ನಡೆ: ಮೊದಲು ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿ ಅವನ ಕುದುರೆಯನ್ನು ಓಡಿಸಬೇಕು. ಆಮೇಲೆ ಹೊಡೆಯಬೇಕು.

ಈ ಆರಂಭಕ್ಕೆ ಪೆಟ್ರೋವ್ ರಕ್ಷಣೆ ಎಂದು ಹೆಸರು. ರಷ್ಯಾದ ಪೆಟ್ರೋವ್ ಹುಟ್ಟಿದ್ದು 1794ರಲ್ಲಿ. ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ನಡೆಸುವ ಲೆಕ್ಕ ಬಿಡಿಸಿದ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದೂ ಅದೇ ವರ್ಷ! 2018ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್ ಪಂದ್ಯದ 6ನೇ ಆಟದಲ್ಲಿ ಕರುವಾನ ಇದೇ ಆರಂಭ ಆಡಿದರು. ಕಾರ್ಲ್‌ಸನ್ ಜೊತೆ 80 ನಡೆಗೆ ಡ್ರಾ ಆಯ್ತು. ಅವರು 3ನೇ ನಡೆಯಲ್ಲಿ ನಕಲು ಮಾಡಲಿಲ್ಲ.

ಕೊನೆ:
ಕಾಯಿಗಳೆಲ್ಲಾ ಹೋಗಿ ಅವನ ಹತ್ತಿರ ರಾಜ ಮತ್ತು ಒಂದು ಕಾಲಾಳು, ನನ್ನ ಹತ್ತಿರ ರಾಜ ಮಾತ್ರ ಉಳಿದವು. ಆ ಕಾಲಾಳು ಹಲಗೆಯ ಅಂಚಿನ ಸಾಲಿನಲ್ಲಿತ್ತು. ನನ್ನ ರಾಜ ಓಡಿ ಅದರ ಮುಂದಿನ ಮೂಲೆಯಲ್ಲಿ ಕೂತ. ಕೊನೆಗೆ ಚೆಕ್ಕೂ ಇಲ್ಲ, ನಡೆಯಲು ಮನೆಯೂ ಇಲ್ಲ. ಹಾಗಾದರೆ ಡ್ರಾ. ಕಾಲಾಳು ಅಂಚಿನಲ್ಲಿದ್ದು ನಮ್ಮ ರಾಜ ಮೂಲೆ ಸೇರಿದರೆ ಸೋಲಿಲ್ಲ, ನೆನಪಿಡಿ.

ಅವನು ಕೈ ಕುಲುಕಿದ. ನನಗೆ ಖುಷಿಯೇನೋ ಆಯ್ತು. ಆದರೆ ಪಟ್ಟಿ ಹಾಕಿದಾಗ ಅರ್ಧ ಅಂಕದಲ್ಲಿ ನಾನು ಆಯ್ಕೆ ಆಗಲಿಲ್ಲ. ಬಸ್ಸಿನಲ್ಲಿ ಊರು ಬರೋವರೆಗೂ ಆ 3ನೇ ನಡೆಯೇ ಕಣ್ಣ ಮುಂದೆ ಇತ್ತು. ಪರೀಕ್ಷೆಯಲ್ಲಾಗಲಿ ಚೆಸ್‌ನಲ್ಲಾಗಲಿ, ಎದುರಿನವನನ್ನು ನೋಡಿ ನಕಲು ಮಾಡಬಾರದು.

ಮಧ್ಯಾಹ್ನ ಊಟ ಆದ ಮೇಲೆ ಜಗಲಿಗೆ ಬನ್ನಿ, ಆಡಿ ತೋರಿಸ್ತೀನಿ.

— 7ನೇ ತರಗತಿ ವಿದ್ಯಾರ್ಥಿ